ಹ್ಯಾಕರ್‌ಗಿಂತ ಮೊದಲು ನಕಲಿ ಕೀ: ಕಾತ್ರಜದಿಂದ ಬೆಂಗಳೂರಿನವರೆಗೆ ವಿದ್ಯಾರ್ಥಿಗಳ ಮಾಹಿತಿ ಎಷ್ಟು ಭದ್ರ?

ಪುಣೆಗೆ ಬಸ್ಸಿನಲ್ಲಿ ಹೋಗಿ ಬರುವ ಕನ್ನಡಿಗರಿಗೆ ಕಾತ್ರಜ ಹೊಸ ಹೆಸರೇನಲ್ಲ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ರಾತ್ರಿ ಹೊರಟವರಿಗೆ ಪುಣೆ ಶುರುವಾಗುವುದೇ ಇಲ್ಲಿಂದ. ಇದೇ ಪುಣೆ–ಸಾತಾರಾ ರಸ್ತೆಯಲ್ಲಿ, ಧನಕವಡಿಗೆ ಅಂಟಿಕೊಂಡಂತೆ, ಭಾರತಿ ವಿದ್ಯಾಪೀಠದ ದೊಡ್ಡ ಕ್ಯಾಂಪಸ್ ಇದೆ. ಪತಂಗರಾವ್ ಕದಂ 1964ರಲ್ಲಿ ಕಟ್ಟಿದ ಸಂಸ್ಥೆ, 1996ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಇಂಜಿನಿಯರಿಂಗ್, ವೈದ್ಯಕೀಯ, ಕಾನೂನು, ಮ್ಯಾನೇಜ್‌ಮೆಂಟ್ ಎಲ್ಲವೂ ಇಲ್ಲಿವೆ, ಜತೆಗೊಂದು ಆಸ್ಪತ್ರೆಯೂ ಇದೆ. ಆ ಭಾಗದ ಪೊಲೀಸ್ ಠಾಣೆಗೂ 'ಭಾರತಿ ವಿದ್ಯಾಪೀಠ ಪೊಲೀಸ್ ಠಾಣೆ' ಎಂದೇ ಹೆಸರು. ಸುತ್ತಲಿನ ಗಲ್ಲಿಗಳ ತುಂಬಾ ಪಿಜಿ, ಮೆಸ್, ಝೆರಾಕ್ಸ್ ಅಂಗಡಿಗಳು.

ಇಂಥ ಒಂದು ಬಡಾವಣೆಯಲ್ಲಿ ಎಷ್ಟು ಜನರ ಎಷ್ಟು ಮಾಹಿತಿ ಕೂಡಿಬಿದ್ದಿರುತ್ತದೆ ಎಂದು ಒಮ್ಮೆ ಯೋಚಿಸಿ. ಪ್ರವೇಶ ಪಡೆಯುವಾಗ ಕೊಟ್ಟ ಆಧಾರ್ ಪ್ರತಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ತಂದೆಯ ಬ್ಯಾಂಕ್ ಖಾತೆ ವಿವರ, ಹಾಸ್ಟೆಲ್ ಅರ್ಜಿಯಲ್ಲಿ ಬರೆದ ರಕ್ತದ ಗುಂಪು, ಆಸ್ಪತ್ರೆಯ ರೋಗಿಗಳ ದಾಖಲೆ, ಇನ್ನೂ ಬರೆಯದ ಪರೀಕ್ಷೆಯ ಪ್ರಶ್ನೆ ಪತ್ರಿಕೆ, ಈಗಾಗಲೇ ಬರೆದ ಪರೀಕ್ಷೆಯ ಉತ್ತರ ಪತ್ರಿಕೆ. ಇದು ಕಾತ್ರಜಕ್ಕೆ ಮಾತ್ರ ಸೀಮಿತವಲ್ಲ. ಮಣಿಪಾಲ, ಧಾರವಾಡ, ಬೆಳಗಾವಿ, ಕಲಬುರಗಿ, ಬೆಂಗಳೂರಿನ ಜ್ಞಾನಭಾರತಿ, ವಿದ್ಯಾರ್ಥಿಗಳು ತುಂಬಿರುವ ಎಲ್ಲ ಕಡೆಯೂ ಇದೇ ಚಿತ್ರ. ಈ ಲೇಖನ ಯಾವುದೋ ಒಂದು ಸಂಸ್ಥೆಯತ್ತ ಬೆರಳು ತೋರಿಸುವುದಕ್ಕೂ ಅಲ್ಲ. ಆದರೆ 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಅಧಿಸೂಚಿಸಿದ ಮೇಲೆ, ಈ ಮಾಹಿತಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಹಣದ ಲೆಕ್ಕವೂ ಸೇರಿಕೊಂಡಿದೆ. ಸಂಸ್ಥೆಗಳು ಸಿದ್ಧವಾಗಲು ಇರುವ ಗಡುವು 18 ತಿಂಗಳು. ಅಂದರೆ 2027ರ ಮೇ ತನಕ.

ಈ ಗಡುವಿನ ಬಗ್ಗೆ ನಡೆಯುತ್ತಿರುವ ಬಹುತೇಕ ಚರ್ಚೆ ಹ್ಯಾಕರ್, ಫೈರ್‌ವಾಲ್, ಪಾಸ್‌ವರ್ಡ್ ಸುತ್ತಲೇ ಇದೆ. ಅದು ತಪ್ಪೇನಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕ್‌ನಿಂದ ಸೈಬರ್ ದಾಳಿಯಲ್ಲಿ 94 ಕೋಟಿ ರೂಪಾಯಿ ಹೋಯಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳು ಕೈಕೊಟ್ಟಾಗ ವೈದ್ಯರು ವಾರಗಟ್ಟಲೆ ಕೈಬರಹದಲ್ಲೇ ಕೆಲಸ ಮಾಡಬೇಕಾಯಿತು. ಆದರೆ ನಮ್ಮ ಕಾಲೇಜು, ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯಗಳ ಕಳೆದ 10 ವರ್ಷಗಳ ದೊಡ್ಡ ಹಗರಣಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ನಡೆದಿರುವುದು ಬಾಗಿಲು, ಬೀಗ, ಬೀರು ಮತ್ತು ಟ್ರಂಕಿನ ಮುಂದೆ.

ವಾಘೋಲಿಯಲ್ಲಿ ಸಿಕ್ಕಿದ್ದು ಕೀ

ತೀರಾ ಹತ್ತಿರದ ಪ್ರಕರಣ ಪುಣೆಯದ್ದೇ. ಕಾತ್ರಜ ನಗರದ ದಕ್ಷಿಣಕ್ಕಿದ್ದರೆ ವಾಘೋಲಿ ಈಶಾನ್ಯ ದಿಕ್ಕಿಗಿದೆ. 2025ರ ಜೂನ್‌ನಲ್ಲಿ ಪುಣೆ ಪೊಲೀಸರು ಅಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದಂತೆ ಒಬ್ಬ ಸಹಾಯಕ ಪ್ರಾಧ್ಯಾಪಕ ಸೇರಿ ಕೆಲವರನ್ನು ಬಂಧಿಸಿದರು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮೊದಲ ವರ್ಷದ ಗಣಿತ ಪರೀಕ್ಷೆ ಮುಗಿದು, ಉತ್ತರ ಪತ್ರಿಕೆಗಳ ಕಟ್ಟು ಕಂಟ್ರೋಲ್ ರೂಮಿನಲ್ಲಿ ಸೀಲ್ ಆಗಿತ್ತು. ಪೊಲೀಸರ ಪ್ರಕಾರ, ಆ ಕೊಠಡಿಗೆ ನಕಲಿ ಕೀ ಮಾಡಿಸಲಾಗಿತ್ತು. ದುಡ್ಡು ಕೊಟ್ಟ ವಿದ್ಯಾರ್ಥಿಗಳ ಪತ್ರಿಕೆಯನ್ನು ಹೊರತೆಗೆದು, ಅವರಿಂದ ಮತ್ತೆ ಬರೆಸಿ, ವಾಪಸ್ ಕಟ್ಟಿಗೆ ಸೇರಿಸಲಾಗುತ್ತಿತ್ತು. ತಲಾ 10 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದರ ಇತ್ತು ಎಂಬುದು ಆರೋಪ.

ಇಲ್ಲಿ ಯಾವ ಸಾಫ್ಟ್‌ವೇರ್ ಕೂಡ ಸೋತಿಲ್ಲ. ವಿಶ್ವವಿದ್ಯಾಲಯದ ಸರ್ವರ್‌ಗೆ ಎಷ್ಟೇ ಬಲವಾದ ಪಾಸ್‌ವರ್ಡ್ ಇದ್ದರೂ ಈ ಅಕ್ರಮವನ್ನು ತಡೆಯಲು ಸಾಧ್ಯವಿರಲಿಲ್ಲ. ಬೀದಿ ಬದಿ ಕೀ ಮಾಡುವವನ ಹತ್ತಿರ ಐದು ನಿಮಿಷದಲ್ಲಿ ಆಗುವ ಕೆಲಸಕ್ಕೆ ಒಂದು ಇಡೀ ಪರೀಕ್ಷೆಯ ನಂಬಿಕೆ ಹೋಯಿತು.

ಇದು ಹೊಸ ವಿಧಾನವೂ ಅಲ್ಲ. 2016ರ ಮೇ ತಿಂಗಳಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಇದೇ ರೀತಿಯ ದಂಧೆ ಬೆಳಕಿಗೆ ಬಂದಿತ್ತು. ಇಂಜಿನಿಯರಿಂಗ್ ಉತ್ತರ ಪತ್ರಿಕೆಗಳನ್ನು ಸಿಬ್ಬಂದಿಯೇ ಕಲೀನಾ ಕ್ಯಾಂಪಸ್ಸಿನಿಂದ ಹೊರಗೆ ಸಾಗಿಸಿ, ರಾತ್ರಿ ಬರೆಸಿ, ಮತ್ತೆ ಒಳಗೆ ಇಡುತ್ತಿದ್ದರು ಎಂದು ಪೊಲೀಸರು ಹಲವು ನೌಕರರನ್ನು ಬಂಧಿಸಿದ್ದರು. ವಿಶ್ವವಿದ್ಯಾಲಯ ಪರೀಕ್ಷೆಗಳಲ್ಲಿ ಅಕ್ರಮ ತಡೆಯಲು ಮಹಾರಾಷ್ಟ್ರದಲ್ಲಿ 1982ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಅಂದರೆ ಕಾನೂನಿಗೆ ಕೊರತೆ ಇರಲಿಲ್ಲ. ರಾತ್ರಿ ಹೊತ್ತು ಕಟ್ಟು ಎಲ್ಲಿದೆ, ಬಾಗಿಲು ಕೊನೆಯ ಸಲ ತೆರೆದದ್ದು ಯಾರು ಎಂಬ ಲೆಕ್ಕ ಇರಲಿಲ್ಲ.

ಕರ್ನಾಟಕದ ಎರಡು ಕಹಿ ನೆನಪು

ಮಹಾರಾಷ್ಟ್ರದ ಕಥೆ ಓದಿ ನಾವು ಮೂಗು ಮುರಿಯುವ ಹಾಗಿಲ್ಲ. 2016ರ ಮಾರ್ಚ್ 21ರಂದು ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪತ್ರಿಕೆ ಸೋರಿಕೆಯಾಯಿತು. ಸುಮಾರು 1.7 ಲಕ್ಷ ವಿದ್ಯಾರ್ಥಿಗಳಿಗೆ ಮಾರ್ಚ್ 31ಕ್ಕೆ ಮರುಪರೀಕ್ಷೆ ಎಂದು ಘೋಷಿಸಲಾಯಿತು. ಆ ದಿನ ಬೆಳಗಾಗುವಷ್ಟರಲ್ಲಿ ಅದೂ ಸೋರಿಕೆ! ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ಕ್ಕೆ. ಆ ಮೂರು ವಾರ ಮಕ್ಕಳೂ ಪೋಷಕರೂ ಬೀದಿಯಲ್ಲಿ ನಿಂತು ಅತ್ತಿದ್ದನ್ನು ಟಿವಿಯಲ್ಲಿ ನೋಡಿದವರು ಮರೆತಿರಲಿಕ್ಕಿಲ್ಲ. ಸಿಐಡಿ ತನಿಖೆಯ ಜಾಡು ಪತ್ರಿಕೆಗಳನ್ನು ಇಟ್ಟಿದ್ದ ಖಜಾನೆಯ ಕಡೆಗೆ ಹೋಯಿತು. ಆಮೇಲೆ ಸರ್ಕಾರ 'ಕರ್ನಾಟಕ ಸುರಕ್ಷಿತ ಪರೀಕ್ಷಾ ವ್ಯವಸ್ಥೆ' ಎಂಬ ಹೆಸರಿನಲ್ಲಿ ಖಜಾನೆಗಳಿಗೆ ಸಿಸಿಟಿವಿ, ಸಾಗಣೆಗೆ ಜಿಪಿಎಸ್ ಎಂದು ಬಿಗಿ ಮಾಡಿತು. ಒಪ್ಪಬೇಕಾದ ಮಾತು: ಅದರ ನಂತರ ಪಿಯುಸಿಯಲ್ಲಿ ಆ ಮಟ್ಟದ ಅವಾಂತರ ಮತ್ತೆ ಆಗಿಲ್ಲ. ಬಾಗಿಲನ್ನು ಸರಿಪಡಿಸಿದರೆ ಫಲ ಇದೆ ಎನ್ನುವುದಕ್ಕೆ ನಮ್ಮಲ್ಲೇ ಇರುವ ಉದಾಹರಣೆ ಇದು.

ಎರಡನೆಯದು ಪಿಎಸ್‌ಐ ನೇಮಕಾತಿ ಹಗರಣ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯನ್ನು 54 ಸಾವಿರಕ್ಕೂ ಹೆಚ್ಚು ಮಂದಿ ಬರೆದಿದ್ದರು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ಶುರುವಾದ ತನಿಖೆ ಬೆಂಗಳೂರಿನ ನೇಮಕಾತಿ ವಿಭಾಗದವರೆಗೂ ಬಂತು. 2022ರ ಜುಲೈನಲ್ಲಿ ಆ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಒಎಂಆರ್ ಹಾಳೆಗಳಿದ್ದ ಸ್ಟ್ರಾಂಗ್ ರೂಮಿನ ಕೀಯನ್ನು ಕೈಕೆಳಗಿನ ಸಿಬ್ಬಂದಿಗೆ ಬಿಟ್ಟುಕೊಟ್ಟು, ಖಾಲಿ ಬಿಟ್ಟ ಉತ್ತರಗಳನ್ನು ತುಂಬಲು ದಾರಿ ಮಾಡಿದರು ಎಂಬುದು ಸಿಐಡಿಯ ಆರೋಪ. ಆರೋಪ ಸಾಬೀತಾಗುವುದು ನ್ಯಾಯಾಲಯದಲ್ಲಿ. ಆದರೆ ಆ ಪರೀಕ್ಷೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಓದಿ ಆಯ್ಕೆಯಾಗಿದ್ದವರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದುಕೊಂಡರು.

ನೀಟ್ 2024ರ ಕಥೆಯಲ್ಲೂ ಬೀಗವೇ ಕೇಂದ್ರ. 23 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಬರೆದ ಪರೀಕ್ಷೆಯದು. ಸಿಬಿಐ ಹೇಳಿರುವಂತೆ, 2024ರ ಮೇ 5ರ ಬೆಳಗ್ಗೆ ಜಾರ್ಖಂಡ್‌ನ ಹಜಾರಿಬಾಗ್‌ನ ಒಂದು ಶಾಲೆಗೆ ಪ್ರಶ್ನೆ ಪತ್ರಿಕೆಯ ಟ್ರಂಕುಗಳು ಬಂದು ಕಂಟ್ರೋಲ್ ರೂಮ್ ಸೇರಿದವು. ಸ್ವಲ್ಪ ಹೊತ್ತಿನಲ್ಲಿ ಒಬ್ಬನನ್ನು ಒಳಗೆ ಬಿಡಲಾಯಿತು. ಅವನು ಉಪಕರಣ ಬಳಸಿ ಟ್ರಂಕು ತೆರೆದ, ಪತ್ರಿಕೆಯ ಫೋಟೊ ತೆಗೆದ, ಮತ್ತೆ ಮುಚ್ಚಿಟ್ಟು ಹೊರನಡೆದ. ಪರೀಕ್ಷೆ ಮಧ್ಯಾಹ್ನ ಇತ್ತು. ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಸೋರಿಕೆ ಆಗಿರುವುದು ವಿವಾದಾತೀತ ಎಂದು ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೆ ಇಡೀ ವ್ಯವಸ್ಥೆಯೇ ಕುಸಿದಿದೆ ಎನ್ನಲು ಆಧಾರವಿಲ್ಲ ಎಂದು ಮರುಪರೀಕ್ಷೆಗೆ ಒಪ್ಪಲಿಲ್ಲ.

ಈ ನಾಲ್ಕೈದು ಪ್ರಕರಣಗಳಲ್ಲಿ ಎರಡು ಸಂಗತಿ ಮತ್ತೆ ಮತ್ತೆ ಬರುತ್ತವೆ. ಬೀಗ ಇತ್ತು, ಆದರೆ ಕೀ ಯಾರ ಹತ್ತಿರ ಇದೆ ಎಂಬುದರ ಮೇಲೆ ಹಿಡಿತ ಇರಲಿಲ್ಲ. ಮತ್ತು ಬಾಗಿಲು ತೆರೆದವರು ಅಥವಾ ತೆರೆಸಿದವರು ಬಹುಪಾಲು ಒಳಗಿನವರೇ. ಆದ್ದರಿಂದ ಗೇಟಿನಲ್ಲಿ ಇನ್ನಷ್ಟು ವಾಚ್‌ಮನ್‌ಗಳನ್ನು ನಿಲ್ಲಿಸಿ ಐಡಿ ಕಾರ್ಡ್ ತೋರಿಸಿ ಎಂದು ವಿದ್ಯಾರ್ಥಿಗಳನ್ನು ಸಾಲಿನಲ್ಲಿ ಕಾಯಿಸುವುದರಿಂದ ಈ ಬಗೆಯ ಅಪಾಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ನಮ್ಮ ಸಂಸ್ಥೆಗಳು ಭದ್ರತೆ ಎಂದಾಗ ಮೊದಲು ಖರ್ಚು ಮಾಡುವುದು ಮಾತ್ರ ಗೇಟಿನ ಮೇಲೆಯೇ.

ಪಿಜಿಯ ತೆರೆದ ಬಾಗಿಲು

ಇನ್ನು ಲ್ಯಾಪ್‌ಟಾಪ್ ವಿಷಯ. ವಿದ್ಯಾರ್ಥಿಗಳಿರುವ ಬಡಾವಣೆಗಳಲ್ಲಿ ಕಳ್ಳರಿಗೆ ಲ್ಯಾಪ್‌ಟಾಪ್‌ನಷ್ಟು ಸುಲಭದ ಮಾಲು ಮತ್ತೊಂದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್ ಪೊಲೀಸರು ಒಬ್ಬ ಯುವತಿಯನ್ನು ಬಂಧಿಸಿ 24 ಲ್ಯಾಪ್‌ಟಾಪ್ ವಶಪಡಿಸಿಕೊಂಡಿದ್ದರು. ಆಕೆ ಬೀಗ ಒಡೆದಿರಲಿಲ್ಲ. ಪಿಜಿಯಲ್ಲಿರುವವರು ಚಾರ್ಜಿಗೆ ಹಾಕಿ ತಿಂಡಿಗೆ ಹೋದ ಹೊತ್ತಿನಲ್ಲಿ ಎತ್ತಿಕೊಂಡು ಹೋಗುತ್ತಿದ್ದಳು ಎಂದು ಪೊಲೀಸರು ಹೇಳಿದ್ದರು. ಅದೇ ವರ್ಷ ವೈಟ್‌ಫೀಲ್ಡ್‌ನಲ್ಲಿ ಕಂಪನಿಯೊಂದರ ಸಿಸ್ಟಂ ಅಡ್ಮಿನ್, ಅಂದರೆ ಲ್ಯಾಪ್‌ಟಾಪ್‌ಗಳನ್ನು ಕಾಯಬೇಕಾದವನೇ, ತನ್ನ ಸಂಸ್ಥೆಯ 50ಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕದ್ದು ಮಾರಿದ ಆರೋಪದಲ್ಲಿ ಸಿಕ್ಕಿಬಿದ್ದ. ಟೊಮೆಟೊ ಬೆಳೆದು ನಷ್ಟವಾಗಿತ್ತಂತೆ.

ಫೋನ್ ಕಳೆದುಹೋದರೆ ಈಗ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ ಸಂಖ್ಯೆ ಕೊಟ್ಟು ದೇಶದಾದ್ಯಂತ ಬ್ಲಾಕ್ ಮಾಡಿಸಬಹುದು. 2023ರ ಮೇ ತಿಂಗಳಿಂದ ಈ ಸೌಲಭ್ಯ ಎಲ್ಲ ರಾಜ್ಯಗಳಿಗೂ ಇದೆ. ಲ್ಯಾಪ್‌ಟಾಪ್‌ಗೆ ಅಂಥ ವ್ಯವಸ್ಥೆ ಇಲ್ಲ. ಬಿಲ್ಲು ಮತ್ತು ಸೀರಿಯಲ್ ನಂಬರ್ ಇಲ್ಲದೆ ಠಾಣೆಗೆ ಹೋದರೆ, ಕಳ್ಳ ಸಿಕ್ಕರೂ ಆ ರಾಶಿಯಲ್ಲಿ ನಿಮ್ಮದು ಯಾವುದು ಎಂದು ತೋರಿಸುವುದೇ ಕಷ್ಟ.

ವಿದ್ಯಾರ್ಥಿಯ ಲ್ಯಾಪ್‌ಟಾಪ್ ಹೋದರೆ ಅವನ ಪ್ರಾಜೆಕ್ಟು, ಫೋಟೊ, ಅಪ್ಪ ಸಾಲ ಮಾಡಿ ಕೊಟ್ಟ 50–60 ಸಾವಿರ ಹೋಗುತ್ತದೆ. ವಿಭಾಗದ ಮುಖ್ಯಸ್ಥರದ್ದೋ ಪ್ರವೇಶ ವಿಭಾಗದ ಗುಮಾಸ್ತರದ್ದೋ ಹೋದರೆ? ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2005ರ ಮಾರ್ಚ್‌ನಲ್ಲಿ ಇದೇ ಆಯಿತು. ಕಚೇರಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಒಂದು ಲ್ಯಾಪ್‌ಟಾಪ್ ಮಾಯವಾಯಿತು. ಅದರಲ್ಲಿ 98 ಸಾವಿರಕ್ಕೂ ಹೆಚ್ಚು ಜನರ ವಿವರ, ಹೆಚ್ಚಿನವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಮೇತ ಇತ್ತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿಲ್ಲ. ಕಳ್ಳರಿಗೆ ಬೇಕಿದ್ದದ್ದು ಬಹುಶಃ ಲ್ಯಾಪ್‌ಟಾಪ್ ಮಾತ್ರ. ಆದರೂ ಅಷ್ಟೂ ಜನರಿಗೆ 'ನಿಮ್ಮ ಮಾಹಿತಿ ಹೊರಬಿದ್ದಿರಬಹುದು' ಎಂದು ವಿಶ್ವವಿದ್ಯಾಲಯ ತಿಳಿಸಬೇಕಾಯಿತು.

ಅದಕ್ಕಿಂತ ವಿಚಿತ್ರವಾದದ್ದು 2017ರ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣ. ಅವರು ಜಾಗ್ರತೆಯಿಂದ ಬ್ಯಾಕಪ್ ಹಾರ್ಡ್ ಡ್ರೈವ್ ಅನ್ನು ಒಂದು ತಿಜೋರಿಯಲ್ಲಿಟ್ಟು, ಆ ತಿಜೋರಿಯನ್ನು ಬೇರೊಂದು ಊರಿನ ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದರು. ಕಳ್ಳರು ತಿಜೋರಿಯನ್ನೇ ಹೊತ್ತುಕೊಂಡು ಹೋದರು! ಸುಮಾರು 10 ಲಕ್ಷ ಜನರ ಮಾಹಿತಿ ಅದರಲ್ಲಿತ್ತು. ಪ್ರಕರಣ ಮುಗಿಸಲು ವಿಶ್ವವಿದ್ಯಾಲಯ ದಶಲಕ್ಷಗಟ್ಟಲೆ ಡಾಲರ್ ತೆರಬೇಕಾಯಿತು. ತಿಜೋರಿಯನ್ನು ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿ ಬಿಗಿಯಬೇಕು ಎಂಬುದು ನಮ್ಮೂರಿನ ಚಿನ್ನದ ಅಂಗಡಿಯವರಿಗೆ ಗೊತ್ತಿರುವ ಸಂಗತಿ.

ಪ್ರಯೋಗಾಲಯದ ಹಿಂದಿನ ಸಾಲು

ವಿಶ್ವವಿದ್ಯಾಲಯ ಬ್ಯಾಂಕಿನ ಹಾಗಲ್ಲ. ಬ್ಯಾಂಕಿನಲ್ಲಿ ಗ್ರಾಹಕ ಕೌಂಟರಿನ ಆಚೆ ನಿಲ್ಲುತ್ತಾನೆ. ಕಾಲೇಜಿನಲ್ಲಿ ವಿದ್ಯಾರ್ಥಿ ಇಡೀ ದಿನ ಕಂಪ್ಯೂಟರ್ ಲ್ಯಾಬ್, ಸೆಮಿನಾರ್ ಹಾಲ್, ಕೆಲವೊಮ್ಮೆ ಮೇಷ್ಟ್ರ ಕೊಠಡಿಯಲ್ಲೂ ಓಡಾಡಿಕೊಂಡಿರುತ್ತಾನೆ. ಹಾಗಿರಬೇಕಾದದ್ದೂ ಸರಿಯೇ, ಇಲ್ಲದಿದ್ದರೆ ಅದು ಕಾಲೇಜಾಗಿ ಉಳಿಯುವುದಿಲ್ಲ. ಆದರೆ ಕೈಗೆಟುಕುವ ಯಂತ್ರವನ್ನು ಹಾಳು ಮಾಡಲು ಹ್ಯಾಕಿಂಗ್ ಕಲಿಯಬೇಕಿಲ್ಲ.

2019ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಭಾರತದಿಂದ ಹೋಗಿದ್ದ ಹಳೆ ವಿದ್ಯಾರ್ಥಿಯೊಬ್ಬ ತಾನು ಓದಿದ ಕಾಲೇಜಿಗೆ ನುಗ್ಗಿ, ಪೆನ್‌ಡ್ರೈವ್‌ನಂತೆ ಕಾಣುವ 'ಯುಎಸ್‌ಬಿ ಕಿಲ್ಲರ್' ಎಂಬ ಸಾಧನವನ್ನು ಒಂದಾದ ಮೇಲೊಂದು ಕಂಪ್ಯೂಟರ್‌ಗೆ ಚುಚ್ಚುತ್ತಾ ಹೋದ. 66 ಕಂಪ್ಯೂಟರ್ ಸುಟ್ಟವು. ನಷ್ಟ 58 ಸಾವಿರ ಡಾಲರ್ ದಾಟಿತು. ತಪ್ಪೊಪ್ಪಿಕೊಂಡ ಆತನಿಗೆ ಒಂದು ವರ್ಷ ಜೈಲಾಯಿತು. ಅಯೋವಾ ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬ ವಿದ್ಯಾರ್ಥಿ ತರಗತಿಯ ಕಂಪ್ಯೂಟರ್‌ಗಳಿಗೆ ಕೀಲಾಗರ್ ಎಂಬ ಪುಟ್ಟ ಸಾಧನ ಸಿಕ್ಕಿಸಿಟ್ಟು, ಪ್ರಾಧ್ಯಾಪಕರು ಒತ್ತಿದ ಪ್ರತಿ ಅಕ್ಷರವನ್ನೂ ಕದ್ದು, ಅದರಿಂದ ಸಿಕ್ಕ ಪಾಸ್‌ವರ್ಡ್ ಬಳಸಿ 90ಕ್ಕೂ ಹೆಚ್ಚು ಬಾರಿ ಅಂಕ ತಿದ್ದಿದ ಎಂದು 2017ರಲ್ಲಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಆರೋಪಿಸಿತು. ಕೀಲಾಗರ್ ಎಂಬುದು ಕೀಬೋರ್ಡ್ ತಂತಿಗೂ ಕಂಪ್ಯೂಟರ್‌ಗೂ ನಡುವೆ ಕೂರುವ ಹೆಬ್ಬೆರಳು ಗಾತ್ರದ ತುಂಡು. ಸಿಪಿಯು ಹಿಂಬದಿಯನ್ನು ಬಗ್ಗಿ ನೋಡದಿದ್ದರೆ ವರ್ಷಗಟ್ಟಲೆ ಅಲ್ಲೇ ಇದ್ದರೂ ಗೊತ್ತಾಗುವುದಿಲ್ಲ. ಕನ್ನಡನಾಡಿನ ಎಷ್ಟು ಕಾಲೇಜುಗಳಲ್ಲಿ ಲ್ಯಾಬ್ ಅಟೆಂಡರ್‌ಗೆ ವಾರಕ್ಕೊಮ್ಮೆ ಹಿಂದಿನ ಸಾಲಿನ ತಂತಿಗಳನ್ನು ನೋಡು ಎಂದು ಯಾರಾದರೂ ಹೇಳಿಕೊಟ್ಟಿದ್ದಾರೆ?

ಟ್ರಂಕು ಹೋಯಿತು, ಪ್ರಿಂಟರ್ ಬಂತು

ಪ್ರಶ್ನೆ ಪತ್ರಿಕೆ ಸಾಗಿಸುವಾಗಿನ ತಲೆನೋವಿಗೆ ವಿಶ್ವವಿದ್ಯಾಲಯಗಳು ಕಂಡುಕೊಂಡ ಪರಿಹಾರ ಆನ್‌ಲೈನ್ ರವಾನೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಪ್ರಶ್ನೆ ಪತ್ರಿಕೆಯನ್ನು ಆನ್‌ಲೈನ್‌ನಲ್ಲಿ ಕಳಿಸುವುದು, ಉತ್ತರ ಪತ್ರಿಕೆ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಮೌಲ್ಯಮಾಪನ ಮಾಡಿಸುವುದರಲ್ಲಿ ದೇಶಕ್ಕೇ ಮುಂಚೂಣಿಯಲ್ಲಿತ್ತು. ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳು 2021ರಿಂದ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶಕ್ಕೆ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವನ್ನೂ ವರ್ಗಾಯಿಸಿವೆ. ತಡವಾದ ಅಂಕಪಟ್ಟಿಗಾಗಿ ಅದನ್ನು ಬೈಯದ ವಿದ್ಯಾರ್ಥಿ ಸಿಗುವುದು ಅಪರೂಪ, ಅದು ಬೇರೆ ಮಾತು.

ಆನ್‌ಲೈನ್ ರವಾನೆಯಿಂದ ದಾರಿಯಲ್ಲಿ ಕಳ್ಳತನವಾಗುವ ಭಯ ತಪ್ಪಿತು. ಆದರೆ ಅಪಾಯ ಮಾಯವಾಗಲಿಲ್ಲ, ಪರೀಕ್ಷಾ ಕೇಂದ್ರದ ಪ್ರಿಂಟಿಂಗ್ ಕೊಠಡಿಗೆ ಜಾಗ ಬದಲಿಸಿತು. ಪರೀಕ್ಷೆಗೆ ಸ್ವಲ್ಪ ಮುಂಚೆ ಪಾಸ್‌ವರ್ಡ್ ಬರುತ್ತದೆ, ಪತ್ರಿಕೆ ಡೌನ್‌ಲೋಡ್ ಆಗುತ್ತದೆ, ನೂರಾರು ಪ್ರತಿ ಮುದ್ರಣವಾಗುತ್ತದೆ. ಆ ಹೊತ್ತಿನಲ್ಲಿ ಕೊಠಡಿಯಲ್ಲಿರುವ ಒಬ್ಬರ ಜೇಬಿನಲ್ಲಿ ಒಂದು ಮೊಬೈಲ್ ಇದ್ದರೆ ಸಾಕು. ಹಾಳಾದ ಪ್ರತಿಗಳು ಕಸದ ಬುಟ್ಟಿಗೆ ಹೋಗುತ್ತವೋ, ಎಣಿಸಿ ಇಡಲಾಗುತ್ತದೋ? ಪರೀಕ್ಷಾ ಕೆಲಸ ಮಾಡಿದ ಮೇಷ್ಟ್ರುಗಳನ್ನು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ.

ಇನ್ನೊಂದು ಮರೆತುಹೋಗುವ ಸಂಗತಿ: ಕಚೇರಿಗಳಲ್ಲಿರುವ ದೊಡ್ಡ ಝೆರಾಕ್ಸ್ ಯಂತ್ರಗಳಲ್ಲಿ ಹಲವಕ್ಕೆ ಒಳಗೊಂದು ಹಾರ್ಡ್ ಡಿಸ್ಕ್ ಇರುತ್ತದೆ. ಪ್ರತಿ ಮಾಡಿದ ದಾಖಲೆಯ ಚಿತ್ರ ಅದರಲ್ಲಿ ಉಳಿದಿರಬಹುದು. ಅಮೆರಿಕದ ಒಂದು ಆರೋಗ್ಯ ವಿಮಾ ಸಂಸ್ಥೆ ಬಾಡಿಗೆ ಯಂತ್ರಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟದ್ದಕ್ಕೆ 2013ರಲ್ಲಿ 12 ಲಕ್ಷ ಡಾಲರ್ ಕಟ್ಟಿತು. ಒಂದು ಟಿವಿ ವಾಹಿನಿ ಅಂಥ ಹಳೆ ಯಂತ್ರವನ್ನು ಕೊಂಡು ಬಿಚ್ಚಿ ನೋಡಿದಾಗ ರೋಗಿಗಳ ದಾಖಲೆಗಳೇ ಸಿಕ್ಕಿದ್ದವು. ನಮ್ಮಲ್ಲೂ ಪರೀಕ್ಷಾ ವಿಭಾಗದ ಯಂತ್ರಗಳು ಹೆಚ್ಚಾಗಿ ಬಾಡಿಗೆಯವು ಅಥವಾ ನಿರ್ವಹಣಾ ಒಪ್ಪಂದದವು. ಸರ್ವಿಸ್‌ಗೆ ಬಂದವರು ಭಾಗ ಬದಲಿಸಿ ಹಳೆಯದನ್ನು ಕೈಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ, ಯಾರೂ ಕೇಳುವುದಿಲ್ಲ.

ಗುಜರಿಗೆ ಹೋಗುವ ಕಂಪ್ಯೂಟರ್‌ಗಳದ್ದೂ ಇದೇ ಕಥೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಸಾವಿರಕ್ಕಿಂತ ಹೆಚ್ಚು ಉಪಕರಣ ಬಳಸುವ ಸಂಸ್ಥೆಗಳು ಹಳೆಯ ಸಾಮಾನುಗಳನ್ನು ನೋಂದಾಯಿತರಿಗೇ ಕೊಡಬೇಕು. ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ಆದರೆ ಆ ನಿಯಮದ ಕಾಳಜಿ ಪರಿಸರದ್ದು. ಡಿಸ್ಕಿನೊಳಗಿನ ಮಾಹಿತಿಯನ್ನು ಅಳಿಸುವ ಹೊಣೆ ಸಂಸ್ಥೆಯದ್ದೇ. ಫೈಲ್ ಡಿಲೀಟ್ ಮಾಡಿದರೆ ಅಥವಾ ಬೇಗನೆ ಒಂದು ಫಾರ್ಮ್ಯಾಟ್ ಹೊಡೆದರೆ ಮಾಹಿತಿ ಹೋಗುವುದಿಲ್ಲ, ಸುಲಭವಾಗಿ ಸಿಗುವ ತಂತ್ರಾಂಶದಿಂದ ವಾಪಸ್ ತೆಗೆಯಬಹುದು. ಪುಣೆಯ ಜುನಾ ಬಜಾರ್‌ನಲ್ಲಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಹಳೆಯ ಹಾರ್ಡ್ ಡಿಸ್ಕ್ ಕೊಳ್ಳುವವರಿಗೆ ಅದು ಗೊತ್ತು.

ಕಾನೂನು ಎಲ್ಲಿಯವರೆಗೆ ಬರುತ್ತದೆ?

2023ರ ಆಗಸ್ಟ್‌ನಲ್ಲಿ ಅಂಗೀಕಾರವಾದ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಸಂಗ್ರಹಿಸುವ ಯಾವುದೇ ಸಂಸ್ಥೆ 'ಸೂಕ್ತ ಭದ್ರತಾ ಕ್ರಮ' ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು ಎನ್ನುತ್ತದೆ. ಸೋರಿಕೆಯಾದದ್ದನ್ನು ತಿಳಿಸದಿದ್ದರೆ 200 ಕೋಟಿವರೆಗೆ. ಸೋರಿಕೆ ಎಂದರೆ ಹ್ಯಾಕಿಂಗ್ ಮಾತ್ರ ಎಂದು ಕಾಯ್ದೆ ಹೇಳುವುದಿಲ್ಲ. ಆಕಸ್ಮಿಕವಾಗಿ ಬಹಿರಂಗವಾಗುವುದು, ನಾಶವಾಗುವುದು, ಮಾಹಿತಿ ಕೈಗೆ ಸಿಗದಂತಾಗುವುದು ಇವೂ ಅದರ ವ್ಯಾಖ್ಯೆಯೊಳಗಿವೆ. ಪ್ರವೇಶ ವಿಭಾಗದ ಒಂದು ಲ್ಯಾಪ್‌ಟಾಪ್ ಕಳುವಾದರೂ ಸಾಕು. ನಿಯಮಗಳ ಪ್ರಕಾರ ಮಾಹಿತಿ ಯಾರದ್ದೋ ಅವರಿಗೆ ತಡಮಾಡದೆ ತಿಳಿಸಬೇಕು, ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕು. ಇದಲ್ಲದೆ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂಬ ಸಿಇಆರ್‌ಟಿ-ಇನ್ ನಿರ್ದೇಶನ 2022ರಿಂದಲೇ ಇದೆ.

ಕಾಗದದ ಮೇಲೆ ಬಿಗಿಯಾಗಿಯೇ ಇದೆ. ಆದರೆ ಒಂದು ದೊಡ್ಡ ಕಿಂಡಿ ಉಳಿದಿದೆ, ಅದು ಕಾಗದದ್ದೇ. ಈ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿ ಪಡೆದ, ಅಥವಾ ಕಾಗದದಲ್ಲಿ ಪಡೆದು ಆಮೇಲೆ ಡಿಜಿಟಲ್ ಮಾಡಿದ ಮಾಹಿತಿಗೆ ಮಾತ್ರ. ಫೈಲಿಗೆ ಟ್ಯಾಗ್ ಹಾಕಿ ಬೀರುವಿನ ಮೇಲೆ ಪೇರಿಸಿಟ್ಟ ಆಧಾರ್ ಝೆರಾಕ್ಸ್ ಪ್ರತಿ ಸ್ಕ್ಯಾನ್ ಆಗದಿದ್ದರೆ, ಆ ಪ್ರತಿ ಈ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಅರ್ಧ ನೆನಪು ಇನ್ನೂ ಕಾಗದದಲ್ಲೇ ಇರುವಾಗ ಇದು ಸಣ್ಣ ಲೋಪವಲ್ಲ. ಇತ್ತ 2024ರ ಜೂನ್‌ನಲ್ಲಿ ಜಾರಿಯಾದ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆ ಎನ್‌ಟಿಎ, ಯುಪಿಎಸ್‌ಸಿ, ರೈಲ್ವೆ ಇಂಥ ಕೇಂದ್ರದ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಕಾಲೇಜಿನ ಸೆಮಿಸ್ಟರ್ ಪರೀಕ್ಷೆ ಅದರ ವ್ಯಾಪ್ತಿಯಲ್ಲಿಲ್ಲ.

ಇನ್ನೊಂದು ಆತಂಕ ನನ್ನದು. ದಂಡದ ಮೊತ್ತ ನೋಡಿ ಹೆದರುವ ಸಂಸ್ಥೆಗಳು ಮೊದಲು ಮಾಡುವ ಕೆಲಸ ಸಲಹೆಗಾರರನ್ನು ಕರೆಸಿ 200 ಪುಟದ ಪಾಲಿಸಿ ಬರೆಸುವುದು. ಆ ಪಾಲಿಸಿಯೂ ಕೊನೆಗೆ ಅದೇ ಬೀರುವಿಗೆ ಸೇರುತ್ತದೆ, ಅದರ ಕೀ ಬೀರುವಿಗೇ ನೇತಾಡುತ್ತಿರುತ್ತದೆ.

ಕಡಿಮೆ ಖರ್ಚಿನ ಕೆಲಸಗಳು

ಮೇಲಿನ ಪ್ರಕರಣಗಳನ್ನು ತಡೆಯಬಹುದಿದ್ದ ಕ್ರಮಗಳಲ್ಲಿ ಹೆಚ್ಚಿನವು ದುಬಾರಿಯಲ್ಲ. ಬ್ಯಾಂಕ್ ಲಾಕರ್ ಕೊಠಡಿಯಲ್ಲಿ ಶತಮಾನದಿಂದ ನಡೆದುಬಂದ ಪದ್ಧತಿ ಎರಡು ಕೀ, ಇಬ್ಬರು ವ್ಯಕ್ತಿಗಳದ್ದು. ಉತ್ತರ ಪತ್ರಿಕೆಯ ಕೊಠಡಿಗೂ ಅದೇ ಸಾಕು: ಎರಡು ಬೇರೆ ಬೇರೆ ಬೀಗ, ಎರಡು ಬೇರೆ ವಿಭಾಗದವರ ಕೈಯಲ್ಲಿ ಕೀ, ಪ್ರತಿ ಪರೀಕ್ಷಾ ಋತುವಿನ ಮುಂಚೆ ಬೀಗವೇ ಬದಲು. ಬೀಗ ಬದಲಿಸಿದರೆ ಹಿಂದಿನ ವರ್ಷ ಮಾಡಿಸಿದ ನಕಲಿ ಕೀ ವ್ಯರ್ಥ. ಜತೆಗೆ ಕ್ರಮಸಂಖ್ಯೆ ಇರುವ ಸೀಲ್ ಹಾಕಿ, ಆ ಸಂಖ್ಯೆಯನ್ನು ಕುಲಸಚಿವರ ಕಚೇರಿಗೆ ಅದೇ ದಿನ ಕಳಿಸಿದರೆ, ಒಮ್ಮೆ ಕಿತ್ತ ಸೀಲನ್ನು ಮತ್ತೆ ಅಂಟಿಸಲಾಗದು.

ಸಿಸಿಟಿವಿ ಎಲ್ಲ ಕಡೆ ಇದೆ. ಆದರೆ ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ ಎಷ್ಟೋ ಕಡೆ ಅದೇ ಕೊಠಡಿಯ ಮೂಲೆಯಲ್ಲಿರುತ್ತದೆ. ಒಳಗೆ ಬಂದವರು ಅದನ್ನೂ ಆಫ್ ಮಾಡಬಹುದು. ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುವುದರಿಂದ, ಎರಡು ತಿಂಗಳ ನಂತರ ಫಲಿತಾಂಶ ಬಂದು ಅನುಮಾನ ಹುಟ್ಟುವ ಹೊತ್ತಿಗೆ ಬೇಕಾದ ರಾತ್ರಿಯ ದೃಶ್ಯ ಇರುವುದೇ ಇಲ್ಲ. ಕ್ಯಾಮೆರಾ ಎಷ್ಟಿವೆ ಎಂದು ಲೆಕ್ಕ ಹಾಕುವುದಕ್ಕಿಂತ ದೃಶ್ಯ ಎಷ್ಟು ದಿನ ಉಳಿಯುತ್ತದೆ ಎಂದು ಕೇಳುವುದು ಮೇಲು.

ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇಡೀ ಡಿಸ್ಕಿನ ಎನ್‌ಕ್ರಿಪ್ಷನ್. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್, ಆಪಲ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಎಲ್‌ಯುಕೆಎಸ್. ಮೂರೂ ಈಗಾಗಲೇ ಯಂತ್ರದಲ್ಲೇ ಇವೆ, ಹೆಚ್ಚುವರಿ ಹಣ ಕೊಡಬೇಕಿಲ್ಲ. ಇದನ್ನು ಚಾಲು ಮಾಡಿದ್ದರೆ ಲ್ಯಾಪ್‌ಟಾಪ್ ಕಳುವಾದರೂ ಮಾಹಿತಿ ಕಳ್ಳರಿಗೆ ಓದಲು ಬರುವುದಿಲ್ಲ. ಬರೀ ಲಾಗಿನ್ ಪಾಸ್‌ವರ್ಡ್ ಇದ್ದರೆ ಸಾಲದು, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಎಲ್ಲವೂ ತೆರೆದುಕೊಳ್ಳುತ್ತದೆ. ಒಂದೇ ಎಚ್ಚರಿಕೆ ಬೇಕು: ಮರಳಿ ತೆರೆಯುವ ರಿಕವರಿ ಕೀಯನ್ನು ಬೇರೆಡೆ ಜೋಪಾನವಾಗಿ ಇಡದಿದ್ದರೆ ಯಜಮಾನನಿಗೂ ಡಿಸ್ಕ್ ತೆರೆಯುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಸಂಶೋಧನಾ ವಿದ್ಯಾರ್ಥಿ ಮೂರು ತಿಂಗಳ ಟಿಪ್ಪಣಿ ಹೀಗೇ ಕಳೆದುಕೊಂಡ. ಮೇಜಿಗೆ ಕಟ್ಟುವ ಕೇಬಲ್ ಲಾಕ್‌ಗೆ ಕೆಲವು ನೂರು ರೂಪಾಯಿ. ಗಟ್ಟಿ ಕಟ್ಟರ್ ಹಿಡಿದು ಬಂದ ಕಳ್ಳನನ್ನು ಅದು ತಡೆಯದು, ಆದರೆ ಪಿಜಿಗಳಲ್ಲಿ ಚಾರ್ಜಿಗೆ ಹಾಕಿದ್ದನ್ನು ಎತ್ತಿಕೊಂಡು ಹೋಗುವಂಥವರನ್ನು ಖಂಡಿತ ತಡೆಯುತ್ತದೆ.

ವಿದ್ಯಾರ್ಥಿಗಳು, ಪೋಷಕರು ಕೈಕಟ್ಟಿ ಕೂರಬೇಕಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಝೆರಾಕ್ಸ್ ಅನ್ನು ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ದೇಶದಾದ್ಯಂತ ಗದ್ದಲವಾಗಿ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ಹಿಂಪಡೆಯಿತು. ಪ್ರಕಟಣೆ ಹೋದರೂ ಮಾಸ್ಕ್ಡ್ ಆಧಾರ್ ಸೌಲಭ್ಯ ಹೋಗಿಲ್ಲ. ಪ್ರಾಧಿಕಾರದ ಜಾಲತಾಣದಲ್ಲಿ ಇಂದಿಗೂ ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಪಿಜಿ ಮಾಲೀಕರಿಗೆ, ಹಾಸ್ಟೆಲ್ ಅರ್ಜಿಗೆ ಅದನ್ನೇ ಕೊಟ್ಟು ನೋಡಿ, ಪೂರ್ಣ ಪ್ರತಿಯೇ ಬೇಕೆಂದರೆ ಏಕೆ ಎಂದು ಕೇಳಿ. ಪ್ರತಿಯ ಮೇಲೆ ಅಡ್ಡಲಾಗಿ ಯಾವ ಉದ್ದೇಶಕ್ಕೆ, ಯಾವ ದಿನಾಂಕದಂದು ಕೊಟ್ಟಿದ್ದು ಎಂದು ಪೆನ್ನಿನಲ್ಲಿ ಬರೆಯಿರಿ. ಝೆರಾಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಪ್ರಿಂಟ್ ಆದ ತಕ್ಷಣ ಅಲ್ಲೇ ನಿಂತು ಅಳಿಸಲು ಹೇಳಿ. ಕಳೆದ ಪ್ರವೇಶ ಋತುವಿನಲ್ಲಿ ಅಂಥ ಒಂದು ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದಾಗ ನಾನು ಕಂಡ ಕಂಪ್ಯೂಟರ್ ಪರದೆಯ ಮೇಲೆ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರದ ನೂರಾರು ಫೈಲ್‌ಗಳು ಸಾಲಾಗಿದ್ದವು. ಅಂಗಡಿಯವರು ಊಟಕ್ಕೆ ಹೋಗಿದ್ದರು, ಪರದೆ ತೆರೆದೇ ಇತ್ತು.